ಮೇಜಿನ ಮೇಲೆ ಇಡದ್ದನ್ನು ಗೆಲ್ಲಬೇಡಿ

ಮಾನ್ಯ ಸಂಪಾದಕರೇ,

ಪಂಚಮಿ ಹತ್ತಿರ ಬಂತು. ಜೋಕಾಲಿ, ಉಂಡಿ, ನಿಂಬೆಹಣ್ಣು ಎಸೆಯುವ ಪಂದ್ಯಗಳ ಜೊತೆಗೆ ನಮ್ಮ ಕಡೆ ಇಸ್ಪೀಟಿನ ಜಮಖಾನವನ್ನೂ ಹಾಸುತ್ತಾರೆ. ಮೊದಲು ರಮ್ಮಿ, ತೀನ್ ಪತ್ತಿ, ಅಂದರ್ ಬಾಹರ್ ಇಷ್ಟೇ ಇದ್ದಲ್ಲಿ ಈಗ ಹುಬ್ಬಳ್ಳಿಯ ವಿದ್ಯಾನಗರದ ಮನೆಗಳಲ್ಲಿ, ಧಾರವಾಡದ ಸಪ್ತಾಪುರದ ಪಿಜಿ ಕೋಣೆಗಳಲ್ಲಿ ಪೋಕರ್ ಬಂದು ಕುಂತಿದೆ. ಇದು ಹುಡುಗರು ಫೋನಿನಲ್ಲಿ ಕಲಿತ ಆಟ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದ ಮೇಲೆ ಆ್ಯಪ್‌ಗಳಲ್ಲಿ ಹಣ ಕಟ್ಟುವುದು ನಿಂತಿತು. ಕಲಿತವರು ಈಗ ಎದುರುಬದುರು ಕೂಡ್ರುತ್ತಿದ್ದಾರೆ. ಫೋನಿನಲ್ಲಿ ಎದುರಾಳಿಯ ಬಾಯಿ ಮುಚ್ಚಿಸಲು ಒಂದು ಗುಂಡಿ ಇತ್ತು. ಜಮಖಾನದ ಮೇಲೆ ಅದಿಲ್ಲ. ಎದುರಿನವನನ್ನು ಬೇಕಂತಲೇ ಕೆಣಕಿ, ಸಿಟ್ಟಿಗೆಬ್ಬಿಸಿ, ತಲೆ ಕೆಡಿಸಿ ಗೆಲ್ಲುವ ಚಾಳಿ ಹೀಗೆ ಬೆಳೆಯುತ್ತಿದೆ. ಅದಕ್ಕೆ ‘ಮೈಂಡ್ ಗೇಮ್’ ಎಂದು ಹೆಸರಿಟ್ಟು ಜಾಣತನದ ಲೆಕ್ಕಕ್ಕೆ ಸೇರಿಸುತ್ತಿದ್ದಾರೆ. ಅದು ಜಾಣತನವಲ್ಲ ಎಂದು ಹೇಳಲು ಈ ಪತ್ರ.

ಹಣ ಕಟ್ಟಿ ಆಡುವುದು ಸರಿಯೋ ತಪ್ಪೋ ಎಂಬ ಚರ್ಚೆಯೇ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಹುಣಸೆಬೀಜ ಇಟ್ಟು ಆಡಿದರೂ ಈ ಪ್ರಶ್ನೆ ಹಾಗೇ ಉಳಿಯುತ್ತದೆ. ಆದ್ದರಿಂದ ಮುಂದೆ ಬರುವ ಲೆಕ್ಕವೆಲ್ಲ ಹಣದ ಬದಲು ಇಡುವ ಬಿಲ್ಲೆಗಳಲ್ಲಿದೆ.

ಪೋಕರ್ ತಿಳಿಯದ ಓದುಗರಿಗೆ ಎರಡು ಮಾತು. ಪ್ರತಿಯೊಬ್ಬನಿಗೆ ಎರಡು ಎಲೆ ಮುಚ್ಚಿ ಹಂಚುತ್ತಾರೆ. ನಡುವೆ ಮೊದಲು ಮೂರು, ಆಮೇಲೆ ಒಂದು, ಕಡೆಗೆ ಮತ್ತೊಂದು, ಹೀಗೆ ಐದು ಎಲೆ ಎಲ್ಲರಿಗೂ ಕಾಣುವಂತೆ ಬಿಚ್ಚುತ್ತಾರೆ. ಈ ಏಳರಲ್ಲಿ ಒಳ್ಳೆಯ ಐದು ಎಲೆ ಸೇರಿಸಿದಾಗ ಯಾರ ಕೈ ದೊಡ್ಡದೋ ಅವನು ಗೆದ್ದ. ನಡುನಡುವೆ ನಾಲ್ಕು ಸಲ ಬಿಲ್ಲೆ ಹಾಕುವ ಸುತ್ತು ಇರುತ್ತದೆ. ಕೈಯಲ್ಲಿ ಏನೂ ಇಲ್ಲದವನು ದೊಡ್ಡ ಮೊತ್ತ ಹಾಕಿ, ಉಳಿದವರೆಲ್ಲ ಹೆದರಿ ಎಲೆ ಒಗೆದರೆ ಆಗಲೂ ಅವನೇ ಗೆದ್ದ. ಅದು ಬ್ಲಫ್. ಅದರಲ್ಲಿ ಮೋಸವಿಲ್ಲ, ಯಾಕೆಂದರೆ ಕುಂತವರೆಲ್ಲ ಅದನ್ನು ಒಪ್ಪಿಯೇ ಕುಂತಿರುತ್ತಾರೆ. ಎದುರಿನವನ ಅಂದಾಜು ತಪ್ಪಿಸುವುದೇ ಈ ಆಟದ ಜೀವ. ಹಾಗಿದ್ದ ಮೇಲೆ ಬಿಲ್ಲೆಯಿಂದ ತಪ್ಪಿಸಿದರೇನು, ಮಾತಿನಿಂದ ತಪ್ಪಿಸಿದರೇನು ಎಂದು ಕೆಣಕುವವರು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ.

ಸಿಟ್ಟು ಬಂದಾಗ ಆಟಗಾರನಲ್ಲಿ ಏನು ಮುರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಇಂಗ್ಲಿಷ್ ಬಲ್ಲ ಆಟಗಾರರು ಇದಕ್ಕೆ ‘ಟಿಲ್ಟ್’ ಎನ್ನುತ್ತಾರೆ. ಪಿನ್‌ಬಾಲ್ ಯಂತ್ರವನ್ನು ಜೋರಾಗಿ ಅಲುಗಾಡಿಸಿದರೆ ಅದು ಆಟ ನಿಲ್ಲಿಸಿ ‘ಟಿಲ್ಟ್’ ಎಂದು ದೀಪ ಹಚ್ಚುತ್ತಿತ್ತು, ಅಲ್ಲಿಂದ ಬಂದ ಮಾತು. ನಮ್ಮಲ್ಲಿ ‘ತಲಿ ಕೆಟ್ಟೈತಿ’ ಅಂದರೆ ಸಾಕು. ಒಂಬತ್ತು ಜನರ ಆಟದಲ್ಲಿ ಎಚ್ಚರದ ಆಟಗಾರ ನೂರು ಕೈಯಲ್ಲಿ ಎಪ್ಪತ್ತೈದು, ಎಂಬತ್ತು ಕೈಗಳನ್ನು ಶುರುವಿನಲ್ಲೇ ಒಗೆಯುತ್ತಾನೆ. ತಲೆ ಕೆಟ್ಟವನಿಗೆ ಒಗೆಯುವುದೇ ಸೋಲಿನಂತೆ ಕಾಣುತ್ತದೆ, ಆದ್ದರಿಂದ ಅರ್ಧಕ್ಕರ್ಧ ಕೈಗಳಲ್ಲಿ ಒಳಗೆ ಬರುತ್ತಾನೆ. ಹಾಕುವ ಮೊದಲು ನಡುವೆ ಕೂಡಿದ ಬಿಲ್ಲೆಯ ಗಡ್ಡೆ ಎಷ್ಟಿದೆ ಎಂದು ಎಣಿಸುವುದನ್ನು ಬಿಡುತ್ತಾನೆ. ಎಂಟು ಎದುರಾಳಿಗಳಲ್ಲಿ ಒಬ್ಬನನ್ನೇ ನೋಡುತ್ತಾನೆ. ಹತ್ತತ್ತರ ಸಾಲಾಗಿ ಜೋಡಿಸಿಟ್ಟಿದ್ದ ಬಿಲ್ಲೆ ಚೆಲ್ಲಾಪಿಲ್ಲಿಯಾಗುತ್ತದೆ. ಈ ಕೊನೆಯ ಗುರುತು ದೂರದಿಂದಲೂ ಕಾಣುತ್ತದೆ. ಕೆಣಕುವವನು ಕಾಯುವುದೂ ಅದಕ್ಕೇ.

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಒಬ್ಬ ಹುಡುಗನ ಕೈಯಲ್ಲಿ ಎರಡು ಆಟೀನು ಎಲೆ. ನಡುವೆ ಬಿಚ್ಚಿದ ನಾಲ್ಕು ಎಲೆಗಳಲ್ಲಿ ಎರಡು ಆಟೀನು. ಕಡೆಯ ಎಲೆಯೂ ಆಟೀನು ಬಂದರೆ ಐದು ಆಟೀನು ಸೇರಿ ಫ್ಲಶ್ ಎಂಬ ದೊಡ್ಡ ಕೈ ಆಗಿ ಗೆಲುವು, ಬರದಿದ್ದರೆ ಸೋಲು. ಗಡ್ಡೆಯಲ್ಲಿ 600 ಬಿಲ್ಲೆ ಇದೆ. ಎದುರಿನವನು ತನ್ನ ಕಡೆ ಉಳಿದ 600ನ್ನೂ ಮುಂದೆ ತಳ್ಳುತ್ತಾನೆ. ಹುಡುಗ ತಾನು 600 ಹಾಕಿದರೆ 1,200 ಗೆಲ್ಲಬಹುದು. 52ರಲ್ಲಿ ತಾನು ಕಂಡ ಆರು ಎಲೆ ಕಳೆದರೆ 46 ಉಳಿದವು, ಅದರಲ್ಲಿ ಆಟೀನು 9. ಇದೇ ಸಂದರ್ಭ 46 ಸಲ ಬಂದರೆ 9 ಸಲ 1,200ರಂತೆ 10,800 ಬರುತ್ತದೆ, 37 ಸಲ 600ರಂತೆ 22,200 ಹೋಗುತ್ತದೆ. ನಷ್ಟ 11,400. ಅಂದರೆ ಒಂದು ಸಲಕ್ಕೆ ಸುಮಾರು 248 ಬಿಲ್ಲೆ. ತಲೆ ತಣ್ಣಗಿದ್ದರೆ ಈ ಲೆಕ್ಕ ಅರ್ಧ ನಿಮಿಷದ್ದು, ಎಲೆ ಒಗೆದರಾಯಿತು.

ಈ ಹುಡುಗ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬಂದವನು, ಮೂರು ವರ್ಷದಿಂದ ಪರೀಕ್ಷೆ ಬರೆದೂ ಹುದ್ದೆ ಸಿಗದವನು ಎಂದಿಟ್ಟುಕೊಳ್ಳಿ. ಅವನು ಎಣಿಸುತ್ತಿರುವಾಗಲೇ ಎದುರಿನಿಂದ ಮಾತು ಬರುತ್ತದೆ: “ಪಿಎಸ್‌ಐ ಆಗಾಂವ ಅಂತಿ, ಆರ್ನೂರಕ್ಕ ಕೈ ನಡಗಾಕತ್ತಾವಲ್ಲೋ ತಮ್ಮಾ?” ಸುತ್ತ ಕುಂತವರು ನಗುತ್ತಾರೆ. ಹುಡುಗ 600 ಹಾಕುತ್ತಾನೆ. ಆ ಮಾತಿನ ಬೆಲೆ 248 ಬಿಲ್ಲೆ. ಅದನ್ನು ಗಳಿಸಿಕೊಟ್ಟದ್ದು ಎಲೆಯಲ್ಲ, ಹಾಕಿದ ಮೊತ್ತವಲ್ಲ, ಹುಡುಗನ ಮೂರು ವರ್ಷ. ಆ ಮೂರು ವರ್ಷವನ್ನು ಅವನು ಪಣಕ್ಕೆ ಇಟ್ಟಿರಲಿಲ್ಲ. ಅವನು ತಂದು ಇಟ್ಟದ್ದು ಬಿಲ್ಲೆ ಮಾತ್ರ.

ಗೆರೆ ಎಳೆಯಬೇಕಾದ್ದು ಇಲ್ಲಿ. ಎಲೆಯಿಂದ, ಬಿಲ್ಲೆಯಿಂದ, ಹಾಕುವ ವೇಗದಿಂದ, ಸುಮ್ಮನೆ ಕೂಡ್ರುವುದರಿಂದ ಎದುರಿನವನನ್ನು ಎಷ್ಟು ಬೇಕಾದರೂ ಕಾಡಿಸಬಹುದು. ಸತತ ಐದು ಕೈ ಏರಿಸಿ ಏರಿಸಿ ಅವನ ತಾಳ್ಮೆ ತೆಗೆದರೂ ಅದು ಆಟವೇ. ಬ್ಲಫ್ ಹೊಡೆದು ಗೆದ್ದ ಮೇಲೆ ಎರಡೂ ಎಲೆ ಬಿಚ್ಚಿ ಮಾತಿಲ್ಲದೆ ತೋರಿಸುವುದನ್ನು ಕೆಲವರು ಅವಮಾನ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತೋರಿಸಿದವನು ತನ್ನ ಗುಟ್ಟನ್ನೂ ಬಿಟ್ಟುಕೊಟ್ಟಿದ್ದಾನೆ, ಮುಂದಿನ ಸಲ ಅವನ ದೊಡ್ಡ ಮೊತ್ತವನ್ನು ಜನ ನಂಬುವುದಿಲ್ಲ. ಅದಕ್ಕೆ ಅವನು ಬೆಲೆ ತೆತ್ತಿದ್ದಾನೆ. ಮಾತಿನಿಂದ ಚುಚ್ಚುವವನು ಏನನ್ನೂ ತೆರುವುದಿಲ್ಲ.

ಎಲೆಯಿಂದಲೇ ಮಾಡುವ ಒಂದು ಕೆಟ್ಟ ಕೆಲಸವೂ ಇದೆ. ಬಿಲ್ಲೆ ಹಾಕುವುದೆಲ್ಲ ಮುಗಿದಿರುತ್ತದೆ, ಗೆಲ್ಲುವ ಎಲೆ ತನ್ನ ಕೈಯಲ್ಲಿದೆ ಎಂದು ಗೊತ್ತಿರುತ್ತದೆ, ಆದರೂ ನಿಟ್ಟುಸಿರು ಬಿಟ್ಟು, ತಲೆ ಆಡಿಸಿ, ಎದುರಿನವನು ಗೆದ್ದೆನೆಂದು ಬಿಲ್ಲೆಗೆ ಕೈ ಚಾಚುವ ತನಕ ಕಾಯ್ದು ಆಮೇಲೆ ಬಿಚ್ಚುವುದು. ಆಟಗಾರರು ಇದನ್ನು ಸ್ಲೋ ರೋಲ್ ಎನ್ನುತ್ತಾರೆ. ಆ ಕೈಯ ಫಲ ಇದರಿಂದ ಒಂದು ಬಿಲ್ಲೆಯಷ್ಟೂ ಬದಲಾಗುವುದಿಲ್ಲ. ನೋಯಿಸುವುದೊಂದೇ ಅದರ ಉದ್ದೇಶ. ಆದ್ದರಿಂದ ಇದೂ ಗೆರೆಯ ಆಚೆಗೇ.

ಯಾರೂ ಕೆಣಕದಿದ್ದರೂ ಈ ಆಟ ತಾನೇ ಸಿಟ್ಟು ತರಿಸುತ್ತದೆ. ಎರಡು ಎಕ್ಕ ಕೈಗೆ ಬರುವುದು 221 ಕೈಗೆ ಒಂದು ಸಲ. ಗಂಟೆಗೆ 25–30 ಕೈ ನಡೆದರೆ ಎಂಟು ಗಂಟೆ ಕುಂತಾಗ ಒಮ್ಮೆ. ಅಷ್ಟು ಕಾಯ್ದು ಬಂದ ಎರಡು ಎಕ್ಕ ಎರಡು ರಾಜನ ಎದುರೂ ನೂರರಲ್ಲಿ ಸುಮಾರು 18 ಸಲ ಸೋಲುತ್ತದೆ. ಹಾಗೆ ಸೋತವನ ಎದೆ ಉರಿಯದಿದ್ದರೆ ಅವನು ಮನುಷ್ಯನೇ ಅಲ್ಲ. ಆ ಉರಿ ಎಲೆ ತಂದದ್ದು, ಅದರ ಮೇಲೆ ಗೆದ್ದರೆ ತಪ್ಪಿಲ್ಲ. ಉರಿಯುವಲ್ಲಿ ಬೇಕಂತಲೇ ಎಣ್ಣೆ ಸುರಿಯುವುದು ಬೇರೆ.

‘ಸಿಟ್ಟು ತಡೆಯುವುದೂ ಕೌಶಲವೇ, ತಡೆಯಲಾಗದವನು ಯಾಕೆ ಕೂಡ್ರಬೇಕು’ ಎಂಬ ವಾದವಿದೆ. ಮೊದಲ ಅರ್ಧ ನಿಜ. ಆದರೆ ಪೋಕರ್ ಕೌಶಲದ ಆಟವೆಂದು ಹೇಳಿಕೊಳ್ಳುವವರು ಆ ಮಾತು ಎಲ್ಲಿಂದ ಬಂತೆಂದು ನೆನೆಯಬೇಕು. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಕೊಟ್ಟ ಕಾರಣ, ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಒಗೆಯಬೇಕು ಎಂಬುದಕ್ಕೆ ಜಾಣ್ಮೆ ಬೇಕು ಎಂಬುದು. ನಮ್ಮ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ಪೊಲೀಸ್ ಕಾಯ್ದೆಯ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿದಾಗಲೂ ಕೌಶಲ ಮತ್ತು ಅದೃಷ್ಟದ ಈ ಭೇದದ ಮೇಲೆಯೇ ನಿಂತಿತು. ಎದುರಿನವನ ಸಾಲ, ಸಂಸಾರ ಎತ್ತಿ ಆಡುವುದನ್ನು ಯಾವ ನ್ಯಾಯಾಲಯವೂ ಕೌಶಲಕ್ಕೆ ಸೇರಿಸಿಲ್ಲ.

ತಾಳ್ಮೆಯನ್ನೇ ಪರೀಕ್ಷಿಸುವ ಬೇರೆ ಆಟಗಳನ್ನು ನೋಡಿ. ಚೆಸ್ಸಿನ ಅಂತರರಾಷ್ಟ್ರೀಯ ನಿಯಮ 11.5 ಎದುರಾಳಿಯನ್ನು ಯಾವ ರೀತಿಯಲ್ಲೂ ವಿಚಲಿತಗೊಳಿಸಬಾರದು, ಕಿರಿಕಿರಿ ಮಾಡಬಾರದು ಎನ್ನುತ್ತದೆ. ಮತ್ತೆ ಮತ್ತೆ ಡ್ರಾ ಕೇಳಿ ಪೀಡಿಸುವುದೂ ಅದರಲ್ಲಿ ಬರುತ್ತದೆ. ಅದೇ 52 ಎಲೆಯ ಬ್ರಿಜ್ ಆಟದ 74ನೇ ನಿಯಮ ಇನ್ನೊಬ್ಬರಿಗೆ ಬೇಸರ, ಮುಜುಗರ ತರುವ ಮಾತನ್ನೇ ಆಡಬಾರದು ಎನ್ನುತ್ತದೆ. ಪೋಕರ್ ಟೂರ್ನಮೆಂಟುಗಳಲ್ಲೂ ಅಸಭ್ಯ ನಡತೆಗೆ ಎಚ್ಚರಿಕೆ, ಕೆಲವು ಸುತ್ತು ಹೊರಗಿಡುವುದು, ಕಡೆಗೆ ಆಟದಿಂದಲೇ ತೆಗೆಯುವುದು ಎಂಬ ಕ್ರಮಗಳಿವೆ. ನಮ್ಮ ಜಮಖಾನದ ಮೇಲೆ ಮಾತ್ರ ಯಾವುದೂ ಇಲ್ಲ.

ದ್ಯೂತಸಭೆಯಲ್ಲಿ ಶಕುನಿ ಧರ್ಮರಾಯನಿಗೆ ಅಂದದ್ದೂ ಇದೇ: ಅಂಜಿಕೆಯಾದರೆ ಆಡಬೇಡ. ಕರೆದರೆ ಹಿಂದೆ ಸರಿಯುವವನಲ್ಲ ಎಂಬ ವ್ರತ ಧರ್ಮರಾಯನದು. ಗದುಗಿನ ವೀರನಾರಾಯಣನ ಗುಡಿ ಇರುವ ಸೀಮೆಯವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ನೆನಪಿಟ್ಟದ್ದು ದಾಳವನ್ನು. ದಾಳ ಉರುಳುವ ಮೊದಲೇ ಮಾತು ತನ್ನ ಕೆಲಸ ಮಾಡಿತ್ತು.

ಇನ್ನು ಕೆಣಕುವುದರಿಂದ ಲಾಭವಾದರೂ ಇದೆಯೇ? ಒಂದು ಕೈಯಲ್ಲಿ ಇರಬಹುದು. ಆದರೆ ತಲೆ ಕೆಟ್ಟವನ ಮುಂದೆ ಬ್ಲಫ್ ನಡೆಯುವುದಿಲ್ಲ, ಅವನು ಎಲ್ಲದಕ್ಕೂ ಬಿಲ್ಲೆ ಹಾಕಿ ನೋಡುತ್ತಾನೆ. ಕೆಣಕಿದವನು ಅಲ್ಲಿಂದ ಒಳ್ಳೆಯ ಎಲೆಗೆ ಮಾತ್ರ ಕಾಯಬೇಕು. ಅವನು ಕಾಯುವುದಿಲ್ಲ, ಚುಚ್ಚಿದ ಹುರುಪಿನಲ್ಲಿ ತಾನೂ ಎಣಿಸುವುದನ್ನು ಬಿಟ್ಟಿರುತ್ತಾನೆ. ಸಿಟ್ಟಾದವನು ಎಲ್ಲ ಬಿಲ್ಲೆ ತಳ್ಳುತ್ತಿದ್ದಂತೆ ಆಟ ಸಣ್ಣ ಸಣ್ಣ ಅಂತರದ ಲೆಕ್ಕ ಬಿಟ್ಟು ನಾಣ್ಯ ಚಿಮ್ಮಿದಂತೆ ಆಗುತ್ತದೆ, ಅದರಲ್ಲಿ ಜಾಣನ ಮೇಲುಗೈ ಕರಗುತ್ತದೆ. ಲಾಸ್ ವೇಗಸ್‌ನ 2016ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಟೂರ್ನಮೆಂಟಿನ ಮುಖ್ಯ ಪಂದ್ಯದಲ್ಲಿ ವಿಲಿಯಂ ಕಸ್ಸೂಫ್ ಎಂಬ ಆಟಗಾರ ಕೈಕೈಗೂ ಮಾತಾಡಿ ಎದುರಾಳಿಗಳನ್ನು ಕಾಡಿಸಿದ. ಗ್ರಿಫಿನ್ ಬೆಂಜರ್ ಎಂಬಾತ ಕಡೆಗೆ ಸಿಡಿದು ಬೈದ. ಎಲೆ ಬಿಚ್ಚಿದಾಗ ಕಸ್ಸೂಫ್‌ನದು ಎರಡು ರಾಜ, ಬೆಂಜರ್‌ನದು ಎರಡು ಎಕ್ಕ. ಮಾತಾಡಿದವನು 17ನೆಯವನಾಗಿ ಹೊರಬಿದ್ದ. ಅಂಥ ಎಲೆಗಳಿದ್ದರೆ ಇಬ್ಬರೂ ಬಾಯಿ ಬಿಡದಿದ್ದರೂ ಎಲ್ಲ ಬಿಲ್ಲೆ ಒಳಗೆ ಹೋಗುತ್ತಿದ್ದವು. ಮಾತು ಗಳಿಸಿಕೊಟ್ಟದ್ದು ಜಗಳ ಒಂದನ್ನೇ.

ಹಾಗಾದರೆ ಮನೆಯಲ್ಲಿ, ಕೋಣೆಯಲ್ಲಿ ಆಟ ಕೂಡಿಸುವವರು ಏನು ಮಾಡಬೇಕು? ಟೂರ್ನಮೆಂಟಿನ ಹಾಗೆ ಒಂದು ಸುತ್ತು ಹೊರಗೆ ಕೂಡ್ರಿಸಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿ. ಇಲ್ಲಿ ಒಂದು ಸುತ್ತು ಅಂದರೆ ಹಂಚುವ ಸರದಿ ಎಲ್ಲರಿಗೂ ಒಮ್ಮೆ ಬಂದು ಮುಗಿಯುವುದು. ಅಷ್ಟರಲ್ಲಿ ಒಬ್ಬೊಬ್ಬನೂ ಕಡ್ಡಾಯವಾಗಿ ಹಾಕುವ ಬಿಲ್ಲೆ 10 ಮತ್ತು 20 ಇದ್ದರೆ, ಹೊರಗೆ ಕುಂತು ಅದನ್ನು ತೆತ್ತವನ ದಂಡ 30. ಮಾತಿನಿಂದ ಗಳಿಸಿದ್ದು 248. ಇದು ಲಾಭದ ವ್ಯಾಪಾರವೇ ಆಯಿತು. ಆದ್ದರಿಂದ ದಂಡ ಎರಡು ಬಗೆಯಾಗಿರಬೇಕು. ಆಟದ ಬಗ್ಗೆ ಚುಚ್ಚಿದರೆ, ‘ಈ ಎಲಿಗೆ ಹಾಕಿದ್ಯಲ್ಲೋ, ಹುಚ್ಚ’ ಎಂಬಂಥ ಮಾತಿಗೆ, ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಕಡ್ಡಾಯದ ಬಿಲ್ಲೆ ತೆರುತ್ತ ಎರಡು ಸುತ್ತು ಹೊರಗೆ. ಮನೆ, ಜಾತಿ, ಸಂಬಳ, ಸಾಲ, ಪರೀಕ್ಷೆ, ಮದುವೆ ಇವುಗಳಲ್ಲಿ ಯಾವುದನ್ನೇ ಎತ್ತಿದರೂ ಆ ರಾತ್ರಿಗೆ ಆಟ ಮುಗಿಯಿತು. ಇಬ್ಬರ ಎದುರು ಅವನ ಬಿಲ್ಲೆ ಎಣಿಸಿ ಲೆಕ್ಕ ಒಪ್ಪಿಸಿ ಎಬ್ಬಿಸಬೇಕು. ಎಚ್ಚರಿಕೆಯ ಮಾತೇ ಬೇಡ.

ಕೆಣಕಿಸಿಕೊಂಡವನು ಹಾಕಿದ ಬಿಲ್ಲೆಯನ್ನು ಮಾತ್ರ ವಾಪಸು ಕೊಡಬಾರದು. ಕಠಿಣ ಎನ್ನಿಸಬಹುದು. ಆದರೆ ಒಮ್ಮೆ ಕೊಟ್ಟರೆ ಸೋತವರೆಲ್ಲ ‘ನನಗ ಸಿಟ್ಟ ಬರಸಿದ್ರು’ ಎಂದು ಕೈ ಚಾಚುತ್ತಾರೆ, ಆಟವೇ ಉಳಿಯುವುದಿಲ್ಲ. ಎಲೆ ಒಗೆದವನು ಆ ಕೈ ಮುಗಿಯುವ ತನಕ ಬಾಯಿ ಬಿಡಬಾರದು. ಕಡೆಯ ಬಿಲ್ಲೆ ಬಿದ್ದ ಮೇಲೆ ಐದು ಸೆಕೆಂಡಿನಲ್ಲಿ ಎಲೆ ಬಿಚ್ಚಬೇಕು. ಬಿಲ್ಲೆ ಖಾಲಿಯಾದವನಿಗೆ ಇಪ್ಪತ್ತು ನಿಮಿಷ ಆಗುವ ತನಕ ಹೊಸದಾಗಿ ಕೊಡಬಾರದು, ರಾತ್ರಿಗೆ ಎರಡು ಸಲಕ್ಕಿಂತ ಹೆಚ್ಚು ಕೊಡಬಾರದು. ತಲೆ ಕೆಟ್ಟವನು ಹೆಚ್ಚು ಕಳೆದುಕೊಳ್ಳುವುದು ಹೀಗೆ ಎರಡನೆಯ, ಮೂರನೆಯ ಸಲ ಪಡೆದ ಬಿಲ್ಲೆಯಲ್ಲೇ. ಒಂದೂವರೆ ತಾಸಿಗೊಮ್ಮೆ ಹತ್ತು ನಿಮಿಷ ಎಲ್ಲರೂ ಎದ್ದು ಹೊರಗೆ ಹೋಗಿ ಚಹಾ ಕುಡಿದು ಬರಲಿ. ಆಟ ಕೂಡಿಸಿದವನು ಪ್ರತಿ ಕೈಯಿಂದ ಪಾಲು ಕಡಿದುಕೊಳ್ಳುವುದಂತೂ ಕೂಡದು. ಸಿಟ್ಟಾದವನು ಗಡ್ಡೆ ಬೆಳೆಸುತ್ತಾನೆ, ಗಡ್ಡೆ ಬೆಳೆದಷ್ಟು ಪಾಲು ಬೆಳೆಯುತ್ತದೆ. ಹಾಗಿರುವಾಗ ಕೆಣಕುವವನ ಬಾಯಿ ಮುಚ್ಚಿಸಲು ಆಟ ಕೂಡಿಸಿದವನಿಗೆ ಮನಸ್ಸು ಬರುವುದಿಲ್ಲ. ಜಾಗ ಕೊಟ್ಟು ಲಾಭ ಪಡೆಯುವುದು ಪೊಲೀಸ್ ಕಾಯ್ದೆಯ ಜೂಜುಕಟ್ಟೆಯ ವ್ಯಾಖ್ಯೆಗೂ ಹತ್ತಿರ ಒಯ್ಯುತ್ತದೆ.

ಕೆಣಕಿಸಿಕೊಳ್ಳುವವರಿಗೂ ಒಂದು ಅಭ್ಯಾಸ ಹೇಳುತ್ತೇನೆ. ಬಿಲ್ಲೆಗೆ ಕೈ ಹಾಕುವ ಮೊದಲು ಮನಸ್ಸಿನಲ್ಲೇ ಮೂರು ಅಂಕಿ ಹೇಳಿಕೊಳ್ಳಿ: ಗಡ್ಡೆ ಎಷ್ಟು, ನಾನು ಹಾಕಬೇಕಾದ್ದು ಎಷ್ಟು, ನನಗೆ ಬೇಕಾದ ಎಲೆ ಎಷ್ಟು ಉಳಿದಿವೆ. ಮೂರರಲ್ಲಿ ಒಂದು ಅಂಕಿ ನೆನಪಾಗದಿದ್ದರೂ ಎಲೆ ಒಗೆಯಿರಿ, ಆ ಕೈಯನ್ನು ನೀವು ಆಡುತ್ತಿಲ್ಲ. ಬಿಲ್ಲೆಯ ಸಾಲು ಕೆಟ್ಟಿದ್ದು ಕಂಡರೆ ಮೊದಲು ಅದನ್ನು ಜೋಡಿಸಿ. ಎಷ್ಟು ಹೋದರೆ ಏಳಬೇಕು ಎಂಬುದನ್ನು ಕೂಡ್ರುವ ಮೊದಲೇ ಗೆಳೆಯನೊಬ್ಬನಿಗೆ ಹೇಳಿಡಿ, ಆಗ ಏಳುವುದು ನಿಮ್ಮೊಬ್ಬರ ಮರ್ಜಿಯಾಗಿ ಉಳಿಯುವುದಿಲ್ಲ.

ಪಂಚಮಿಯ ಆಟದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಕುಂತವರು ಗೆಳೆಯರಷ್ಟೇ ಅಲ್ಲ, ಕಾಕಾ, ಸೋದರಮಾವ, ಅಳಿಯ, ಅಣ್ಣತಮ್ಮಂದಿರು. ಮಾವ ಅಳಿಯನಿಗೆ “ಮನ್ಯಾಗ ಕೇಳಿ ಬಾ ಹೋಗಪಾ, ಆಮ್ಯಾಲ ಹಾಕ್ವಂತಿ” ಎಂದರೆ ಅಳಿಯ ತಿರುಗಿ ಮಾತಾಡುವಂತಿಲ್ಲ, ಹಿರಿಯರು. ಬಾಯಿಂದ ಕೊಡಲಾಗದ ಉತ್ತರವನ್ನು ಅವನು ಬಿಲ್ಲೆಯಿಂದ ಕೊಡುತ್ತಾನೆ. ಸಮನಾದವರ ನಡುವಿನ ಚುಚ್ಚುಮಾತಿಗಿಂತ ಇದು ಹೆಚ್ಚು ಕಳೆಯುತ್ತದೆ, ಹಬ್ಬ ಮುಗಿದ ಮೇಲೂ ಮನೆಯಲ್ಲಿ ಉಳಿಯುತ್ತದೆ. ಇದನ್ನು ತಪ್ಪಿಸುವುದು ಕಿರಿಯರ ಕೈಯಲ್ಲಿಲ್ಲ. ಜಮಖಾನದ ಮೇಲೆ ಕೂಡ್ರುವ ಹಿರಿಯರು ಮೊದಲ ಎಲೆ ಹಂಚುವ ಮುಂಚೆ ಎಲ್ಲರ ಎದುರು ಒಂದು ಮಾತು ಹೇಳಲಿ: “ಇಲ್ಲಿ ಕುಂತಾಗ ನಾ ನಿಮ್ಮ ಕಾಕಾ ಅಲ್ಲ. ನನ್ನ ಮಾತು ಚುಚ್ಚಿದ್ರ ಅಲ್ಲೇ ಹೇಳ್ರಿ, ಮೊದಲ ನಾನs ಏಳ್ತೀನಿ.”

ಇತಿ ನಿಮ್ಮ ಓದುಗ,
ಸಾಧನಕೇರಿ, ಧಾರವಾಡ